ಹನ್ನೆರಡರಲ್ಲಿ ಒಬ್ಬ ಓಬದ್ಯ

ಓಬದ್ಯ ಪೆಂಗೆಲಿ ಪೀಪಾಯಿ ಮಾಡುವವನು. ಕಾರ್ನ್‌ವಾಲಿನ ಆ ಕಡಲೂರಿನಲ್ಲಿ ಮತ್ತಿ ಮೀನಿಗೆ ಉಪ್ಪು ಹಾಕಿ ತುಂಬುವ ಪೀಪಾಯಿಗಳಲ್ಲಿ ಅರ್ಧಕ್ಕರ್ಧ ಅವನ ಕೈಯವು. ಉಳಿದರ್ಧ ಸೋರುತ್ತವೆ ಅಂತ ಅವನೇ ಸಾರಿಕೊಂಡು ತಿರುಗುತ್ತಿದ್ದ. ಕೋಪ ಮೂಗಿನ ತುದಿಯಲ್ಲೇ. ಹೆಂಡತಿ ಚಾರಿಟಿಯಂತೂ, "ಪೀಪಾಯಿಗೆ ಹೊಡೆಯೋ ಕಬ್ಬಿಣದ ಪಟ್ಟಿ ನಿಮ್ಮ ಬಾಯಿಗೂ ಒಂದು ಹೊಡ್ಕೊಂಡಿದ್ರೆ ಮನೆ ನೆಮ್ಮದಿಯಾಗಿರ್ತಿತ್ತು" ಅನ್ನುತ್ತಿದ್ದಳು. ಅದಕ್ಕೆ ಅವನು ನಗುತ್ತಿದ್ದ. ಆ ಬಾಯಿಯಿಂದಲೇ ಅವನಿಗೆ ಊರಲ್ಲಿ ಹೆಸರು ಬಂದಿತ್ತು.

ಹೆಸರು ಬಂದದ್ದು ಹೀಗೆ. ಅವನಿಗೆ ಚೂರು ಸ್ವಂತ ಜಮೀನಿತ್ತು, ಹಾಗಾಗಿ ಕೋರ್ಟಿನಲ್ಲಿ ತೀರ್ಪು ಹೇಳುವ ಹನ್ನೆರಡು ಊರವರ ಜ್ಯೂರಿಯಲ್ಲಿ ಕೂರಲು ಕರೆ ಬರುತ್ತಿತ್ತು. ಒಂದು ವರ್ಷ ಜೋರಿ ಅನ್ನುವ ಬೆಸ್ತ ಸುಂಕ ತಪ್ಪಿಸಿ ಫ್ರಾನ್ಸಿನಿಂದ ಬ್ರಾಂದಿ ತರುವಾಗ ಸಿಕ್ಕಿಬಿದ್ದ. ಸಾಕ್ಷಿ ಪಕ್ಕಾ, ಕಾನೂನು ಪಕ್ಕಾ. ಆದರೆ ಆ ಊರಲ್ಲಿ ಬ್ರಾಂದಿ ಕುಡಿಯದವನು ಯಾರು? ಪಾದ್ರಿಯ ಮನೆಯಲ್ಲೂ ಅದೇ ಸರಕು. ಓಬದ್ಯ, ತೀರ್ಪು ಅಂದರೆ ಹನ್ನೆರಡು ಜನರ ಮನಸ್ಸು ಅಂತ ಉಳಿದ ಹನ್ನೊಂದು ಜನರನ್ನೂ ಒಪ್ಪಿಸಿ ಜೋರಿ ನಿರಪರಾಧಿ ಅನ್ನಿಸಿಬಿಟ್ಟ. ಲಂಡನ್ನಿನಿಂದ ಬಂದಿದ್ದ ನ್ಯಾಯಾಧೀಶ ಕೆಂಡಾಮಂಡಲವಾಗಿ, "ಇದೇನಾ ಕಾನೂನು ಹೇಳೋದು?" ಅಂದಾಗ ಓಬದ್ಯ ಟೋಪಿ ತೆಗೆದು, "ಸ್ವಾಮಿ, ಕಾನೂನು ಲಂಡನ್ನಿನದು, ತೀರ್ಪು ನಮ್ಮದು" ಅಂದ. ಊರು ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿತು. ತಪ್ಪೇನಿಲ್ಲ ಬಿಡಿ, ಜೋರಿ ಯಾರ ತಲೆಯನ್ನೂ ಒಡೆದಿರಲಿಲ್ಲ.

ತಲೆ ಒಡೆದವನು ಗಿರಣಿಯ ಡಿಗರಿ. ಸುತ್ತಮುತ್ತಲಿನವರ ಬಾರ್ಲಿ, ಗೋಧಿ ಎಲ್ಲ ಅವನ ಗಿರಣಿಯಲ್ಲೇ ಹಿಟ್ಟಾಗಬೇಕು. ಆ ಚಳಿಗಾಲ ಹೆಂಡತಿ ಟ್ಯಾಮ್ಸಿನ್ ಅವನನ್ನು ಕೇಳದೆ ತವರಿಗೆ ಹೋಗಿಬಂದಳು. ಮರಳಿ ಹೊಸ್ತಿಲು ದಾಟಿದವಳ ತಲೆಗೆ ಒಲೆಯ ಸಲಾಕೆಯಿಂದ ಹೊಡೆದ. ಬಿದ್ದಮೇಲೂ ಹೊಡೆದ. ಅಡುಗೆಯ ಹೆಂಗಸು ಬಾಗಿಲಲ್ಲೇ ನಿಂತು ನೋಡಿದಳು, ಕೋರ್ಟಿನಲ್ಲಿ ಕಣ್ಣೀರು ಸುರಿಸುತ್ತಲೇ ಎಲ್ಲ ಹೇಳಿದಳು. ಡಿಗರಿಯೂ ಇಲ್ಲ ಅನ್ನಲಿಲ್ಲ. "ನನ್ನ ಹೆಂಡತಿ, ಬುದ್ಧಿ ಕಲಿಸೋಕೆ ಹೊಡ್ದೆ" ಅಂದ. ಎಂಥ ಸೊಕ್ಕು ನೋಡಿ. ನ್ಯಾಯಾಧೀಶ ಜ್ಯೂರಿಗೆ ತಿಳಿಸಿ ಹೇಳಿದ: ಗಂಡನಾದರೂ ಸರಿ, ಯಾರಾದರೂ ಸರಿ, ಇದು ಕೊಲೆ. ಓಬದ್ಯ, ಐದು ನಿಮಿಷದ ಕೆಲಸ, ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು ಅಂದುಕೊಂಡು ಮೆಟ್ಟಿಲು ಹತ್ತಿದ.

ಜ್ಯೂರಿ ಕೂರುವ ಮೇಲಿನ ಕೋಣೆಯ ಪದ್ಧತಿ ಊರಿಗೆಲ್ಲ ಗೊತ್ತಿದ್ದದ್ದೇ. ಊಟವಿಲ್ಲ, ನೀರಿಲ್ಲ, ಬೆಂಕಿಯಿಲ್ಲ, ದೀಪವಿಲ್ಲ. ಹನ್ನೆರಡು ಜನವೂ ಒಂದೇ ಮಾತಿಗೆ ಬರುವ ತನಕ ಹೊರಗಿನಿಂದ ಬೀಗ. ಜೇಬಿನಲ್ಲಿ ಒಂದು ಸೇಬು ಸಿಕ್ಕರೂ ದಂಡ. ಹೊಟ್ಟೆ ಹಿಂಡಿ ನ್ಯಾಯ ತೆಗೆಯುವ ಈ ಉಪಾಯ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ ಏನೋ.

ಮುಖಂಡನಾಗಿ ಕೂತಿದ್ದವನು ಮೇಣದ ಬತ್ತಿಯ ವ್ಯಾಪಾರಿ ಹಂಫ್ರಿ. ಕೈ ಉಜ್ಜಿಕೊಳ್ಳುತ್ತಾ ಕೇಳಿದ: "ಸರಿ, ನಿರಪರಾಧಿ ಅನ್ನೋಣ್ವಾ? ಎಲ್ರೂ ಹೂಂ ತಾನೆ?"

ಓಬದ್ಯನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಯಾರು ನಿರಪರಾಧಿ?"

"ಡಿಗರಿ, ಮತ್ಯಾರು? ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಅದಕ್ಕೆ ಹೋಗಿ ನೇಣು ಹಾಕೋಕಾಗುತ್ತಾ?"

"ಅವಳು ಮಲಗಿದ್ದು ಸಮಾಧಿಯಲ್ಲಿ ಕಣಯ್ಯಾ."

"ಅವಳ ನಾಲಿಗೇನೂ ಕಮ್ಮಿ ಇರ್ಲಿಲ್ಲ ಬಿಡು" ಅಂದ ಒಬ್ಬ. "ಕೈ ಸ್ವಲ್ಪ ಜಾಸ್ತಿಯಾಯ್ತು, ಅಷ್ಟೆ" ಅಂದ ಇನ್ನೊಬ್ಬ. "ಅವನನ್ನ ನೇಣಿಗೇರಿಸಿ ಹಿಟ್ಟಿಗೆ ಎಲ್ಲಿಗೆ ಹೋಗ್ತೀಯ?" ಅಂದ ಮೂರನೆಯವನು. ಓಬದ್ಯ ಒಬ್ಬೊಬ್ಬರ ಮುಖವನ್ನೂ ನೋಡಿದ. ಹನ್ನೊಂದು ಜನವೂ ಗಂಡಂದಿರು. ಇವರಲ್ಲಿ ಯಾರ ಮನೆಯ ಗೋಡೆಯಾಚೆ ಏನು ಕೇಳುತ್ತದೆ ಅನ್ನುವುದು ಊರಿಗೇ ಗೊತ್ತು. ಡಿಗರಿಗೆ ಇವತ್ತು ನೇಣಾದರೆ ನಾಳೆ ತಮ್ಮ ಕೈ ಎತ್ತುವಾಗ ನಡುಗಬೇಕಲ್ಲ, ಅದು ಅವರ ಭಯ. ಥೂ, ಅದಕ್ಕೆ ಮನಸ್ಸಾಕ್ಷಿ ಅಂತ ಹೆಸರು ಬೇರೆ.

"ನ್ಯಾಯಾಧೀಶರು ಹೇಳಿದ್ದು ಕೇಳಿಸ್ಲಿಲ್ವಾ ನಿಮಗೆ?" ಅಂತ ಗುಡುಗಿದ ಓಬದ್ಯ. "ಕಾನೂನಲ್ಲಿ ಇದು ಕೊಲೆ. ಬೈಬಲ್ ಮುಟ್ಟಿ ಆಣೆ ಮಾಡಿದೀವಿ."

ಹಂಫ್ರಿ ನಕ್ಕ. "ಅಯ್ಯೋ ಮಾರಾಯ, ಕಾನೂನು ಲಂಡನ್ನಿನದು, ತೀರ್ಪು ನಮ್ಮದು. ಯಾರಪ್ಪಾ ಹೇಳಿದ್ದು ಅದು?"

ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ಓಬದ್ಯನ ಮುಖ ಕೆಂಪಗಾಯಿತು. "ಜೋರಿ ಯಾರಿಗೂ ನೋವು ಮಾಡಿರ್ಲಿಲ್ಲ. ಅದೂ ಇದೂ ಒಂದೇನಾ?"

"ಒಂದೋ ಎರಡೋ, ಹೇಳೋರ್ಯಾರು? ಹನ್ನೆರಡು ಜನರ ಮನಸ್ಸು ಅಂದಿದ್ದೆ ನೀನು. ಇಗೋ, ಹನ್ನೊಂದು ಮನಸ್ಸು ಇಲ್ಲೇ ಕೂತಿವೆ. ಜೋರಿಗೆ ಬೇಡವಾದ ಕಾನೂನು ಡಿಗರಿಗೆ ಯಾಕೆ ಬೇಕಾಯ್ತು?"

ಓಬದ್ಯ ಎದ್ದು ನಿಂತ. ಅಲ್ಲ ಕಣ್ರೋ, ವ್ಯತ್ಯಾಸ ಇದೆ, ಹಾಡುಹಗಲಿನಷ್ಟು ಸ್ಪಷ್ಟವಾಗಿ ಇದೆ. ದಯೆಗಾಗಿ ಕಾನೂನು ಬದಿಗಿಡುವುದೇ ಬೇರೆ, ಕ್ರೌರ್ಯ ಮುಚ್ಚಿಡಲು ಬದಿಗಿಡುವುದೇ ಬೇರೆ. ಆದರೆ ಬೀಗ ಹಾಕಿದ ಆ ಕೋಣೆಯಲ್ಲಿ ಎರಡಕ್ಕೂ ಬೇಕಾದದ್ದು ಒಂದೇ ಪದ, ಆ ಪದವನ್ನು ಹೇಳುವ ಚಾಳಿ ಕಲಿಸಿದವನು ತಾನೇ. ಅವನು ಮೇಜಿಗೆ ಗುದ್ದಿ, "ನಾನು ಒಪ್ಪಲ್ಲ. ಇಲ್ಲೇ ಕೊಳೆಯೋಣ" ಅಂದ.

ಕೊಳೆತರು. ಸಂಜೆಯಾಯಿತು, ಕತ್ತಲಾಯಿತು, ಕಡಲ ಗಾಳಿ ಕಿಟಕಿಯ ಸಂದಿಯಿಂದ ನುಗ್ಗಿತು. ಬೈದರು, ಅಂಗಲಾಚಿದರು, ಇನ್ನು ನಿನ್ನ ಪೀಪಾಯಿ ಕೊಳ್ಳುವುದಿಲ್ಲ ಅಂದರು. ಓಬದ್ಯ ಜಗ್ಗಲಿಲ್ಲ. ನ್ಯಾಯಾಧೀಶನಿಂದ ಹೇಳಿಕೆ ಬಂತು: ಬೆಳಗಾಗುವಷ್ಟರಲ್ಲಿ ಒಂದಾಗದಿದ್ದರೆ ಹನ್ನೆರಡೂ ಜನರನ್ನು ಗಾಡಿಯಲ್ಲಿ ತುಂಬಿಕೊಂಡು ಮುಂದಿನ ಊರಿನ ಕೋರ್ಟಿಗೆ ಎಳೆದೊಯ್ಯುತ್ತೇನೆ. ಅದಕ್ಕೂ ಓಬದ್ಯ, "ಎಳೀಲಿ" ಅಂದ.

ಬೆಳಕು ಹರಿಯುವ ಹೊತ್ತಿಗೆ ಎಲ್ಲರಿಗಿಂತ ಹಿರಿಯನಾದ, ಊರೆಲ್ಲ ಮಾವ ಅನ್ನುವ ಪಾಸ್ಕೋ ಬೆಂಚಿನಿಂದ ಉರುಳಿ ಬಿದ್ದ. ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡು, "ನೀರು, ನೀರು" ಅಂತ ಗೊರಗುಟ್ಟಿದ. ಹಂಫ್ರಿ ಓಬದ್ಯನ ಕುತ್ತಿಗೆಪಟ್ಟಿ ಹಿಡಿದ. "ನೋಡು, ಇದೂ ಕೊಲೆ ತಾನೆ? ಇದನ್ನ ಮಾಡ್ತಿರೋನು ನೀನು. ಸತ್ತವಳಿಗೋಸ್ಕರ ಬದುಕಿರೋನ್ನ ಸಾಯಿಸ್ತೀಯಾ?"

ಪಾಸ್ಕೋ ಮಾವ ಓಬದ್ಯನಿಗೆ ಪೀಪಾಯಿಯ ಕೆಲಸ ಕಲಿಸಿದವನು. ಅವನ ಕೈ ತಣ್ಣಗಿತ್ತು. ಓಬದ್ಯ ತನ್ನ ಕೋಟು ಬಿಚ್ಚಿ ಅವನಿಗೆ ಹೊದಿಸಿದ. ಆಮೇಲೆ, "ಹಾಳಾಗಿ ಹೋಗಿ, ಹೇಳಿ" ಅಂದ.

ಕೆಳಗೆ ಹಂಫ್ರಿ, "ನಿರಪರಾಧಿ" ಅಂದ. ಗುಮಾಸ್ತ ಪದ್ಧತಿಯಂತೆ, "ನಿಮ್ಮೆಲ್ಲರ ಮಾತೂ ಇದೇನಾ?" ಅಂತ ಕೇಳಿದ. ಆ ಒಂದು ಕ್ಷಣ ಇತ್ತು. ಓಬದ್ಯ ಒಬ್ಬ ಇಲ್ಲ ಅಂದಿದ್ದರೆ ಆ ತೀರ್ಪು ಅಲ್ಲೇ ಬಿದ್ದುಹೋಗುತ್ತಿತ್ತು. ಊರನ್ನೇ ಕುಣಿಸಿದ ಆ ಬಾಯಿ ಅವತ್ತು ಮುಚ್ಚಿಕೊಂಡೇ ಇತ್ತು. ನ್ಯಾಯಾಧೀಶ ಹನ್ನೆರಡು ಜನರನ್ನೂ ಅಸಹ್ಯದಿಂದ ನೋಡಿ, ಬೇರೆ ದಾರಿಯಿಲ್ಲದೆ ಡಿಗರಿಯನ್ನು ಬಿಟ್ಟ.

ಓಬದ್ಯ ಪಾಸ್ಕೋ ಮಾವನನ್ನು ಮನೆಗೆ ಕರೆದೊಯ್ಯಲು ಹುಡುಕಿದ. ಎದುರಿನ ಹೋಟೆಲಿಗೆ ಹೋದನಲ್ಲ ಅಂದರು. ಬಾಗಿಲು ತಳ್ಳಿ ನೋಡಿದರೆ ಉದ್ದನೆಯ ಮೇಜು, ಮೇಜಿನ ಮೇಲೆ ಹಬೆಯಾಡುವ ಕುರಿಮಾಂಸ, ಸುತ್ತ ಜ್ಯೂರಿಯ ಹತ್ತು ಜನ, ತುದಿಯ ಮುಖ್ಯ ಕುರ್ಚಿಯಲ್ಲಿ ಡಿಗರಿ, ಅವನ ಬಲಕ್ಕೆ ಪಾಸ್ಕೋ ಮಾವ. ಗಲ್ಲವೆಲ್ಲ ಜಿಡ್ಡು ಮಾಡಿಕೊಂಡು ಮೂಳೆ ಚೀಪುತ್ತಿದ್ದ. ಓಬದ್ಯನನ್ನು ಕಂಡವನೇ ಕಣ್ಣು ಮೇಲೆ ಸಿಕ್ಕಿಸಿಕೊಂಡು, "ನೀರು, ನೀರು" ಅಂದ. ಮೇಜಿಗೆ ಮೇಜೇ ನಗೆಯಿಂದ ಅಲ್ಲಾಡಿತು.

"ಬಾರಯ್ಯ, ಕೂತ್ಕೋ" ಅಂದ ಡಿಗರಿ. "ನಿಂಗೂ ಒಂದು ತಟ್ಟೆ ಇಡ್ಸಿದೀನಿ. ಹನ್ನೆರಡೂ ಜನಕ್ಕೆ ನಾನು ಋಣಿ."

ಓಬದ್ಯ ಎರಡೂ ಕೈಯಿಂದ ಮೇಜು ಎತ್ತಿ ಮಗುಚಿದ. ತಟ್ಟೆ, ಮಾಂಸ, ಸಾರು ಎಲ್ಲ ಅವರ ಮಡಿಲಿಗೆ. ನಾಲ್ಕು ಜನ ಸೇರಿ ಅವನನ್ನು ಹೊರಕ್ಕೆ ದಬ್ಬಿದರು. ಬೀದಿಯ ಕೆಸರಲ್ಲಿ ಬಿದ್ದವನು ಎದ್ದು ಕೂತಾಗ ಮುಂದೆ ಟ್ಯಾಮ್ಸಿನ್ನಳ ತಾಯಿ ಜೆನಿಫರ್ ಅತ್ತೆ ನಿಂತಿದ್ದಳು.

"ಓಬದ್ಯಾ, ಹನ್ನೆರಡು ಜನ ಇದ್ರಲ್ಲ" ಅಂದಳು. "ಒಬ್ಬನಾದ್ರೂ ಆಗಲ್ಲ ಅನ್ಲಿಲ್ವಾ?"

"ನಾನು ಅಂದೆ ಅತ್ತೆ. ರಾತ್ರಿಯೆಲ್ಲಾ ಅಂದೆ."

"ಬೆಳಿಗ್ಗೆ?"

"ಪಾಸ್ಕೋ ಮಾವ ಸಾಯ್ತಿದಾನೆ ಅಂದ್ರು."

ಒಳಗಿನಿಂದ ಪಾಸ್ಕೋ ಮಾವ ಇನ್ನೊಂದು ತಟ್ಟೆ ತರಲು ಕೂಗಿದ್ದು ಇಬ್ಬರಿಗೂ ಕೇಳಿಸಿತು. ಅತ್ತೆ ಅತ್ತ ತಿರುಗಿಯೂ ನೋಡಲಿಲ್ಲ.

"ಅವತ್ತು ಅವಳು ನನ್ನ ಮನೇಲೇ ಇದ್ಬಿಡ್ತೀನಿ ಅಂದ್ಲು" ಅಂದಳು. "ಅವನು ಕೊಂದು ಹಾಕ್ತಾನೆ ಅಮ್ಮಾ ಅಂದ್ಲು. ನಾನೇ ಬೈದು ಕಳಿಸ್ದೆ. ಕೊಲ್ಲೋಕೆ ಇದೇನು ಕಾಡಾ, ಕೋರ್ಟಿದೆ, ಊರಿದೆ, ಓಬದ್ಯನಂಥೋರಿದಾರೆ, ಹೆದರ್ಕೋಬೇಡ ಹೋಗು ಅಂದೆ."