ಉತ್ತರಕ್ಕೆ ಬೀಳದ ನೆರಳು

ಮೈಸೂರಿನಲ್ಲಿ ಬಿ.ಎಸ್‌ಸಿ., ಬಿ.ಇಡಿ. ಮುಗಿಸಿದ್ದ ನನಗೆ ಮಧ್ಯಾಹ್ನದ ನೆರಳು ಯಾವ ಕಡೆ ಬೀಳುತ್ತದೆ ಎಂದು ಗೊತ್ತಾದದ್ದು ಮೂವತ್ತಾರನೆಯ ವಯಸ್ಸಿನಲ್ಲಿ, ತಿರುವನಂತಪುರದ ಒಂದು ಕಾಲೇಜಿನ ಅಂಗಳದಲ್ಲಿ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ. ವರ್ಗವಾಗಿ ಕೊಚ್ಚಿಗೆ ಬಂದಾಗ ಮಗಳಿಗೆ ಮೂರು ವರ್ಷ. ಈಗ ಅವಳು ಆರನೆಯ ತರಗತಿ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೇ ಮಾರುತ್ತರ. ಅವಳು ಓದುತ್ತಿದ್ದ ಎರ್ನಾಕುಳಂನ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಹಂಗಾಮಿ ವಿಜ್ಞಾನ ಟೀಚರ್. ಪ್ರತಿ ಜೂನ್‌ನಲ್ಲಿ ಹೆಡ್‌ಮಿಸ್ಟ್ರೆಸ್ ಕರೆದು "ಇನ್ನೊಂದು ವರ್ಷ ಇರಿ" ಎನ್ನಬೇಕು. ಅನ್ನದಿದ್ದರೆ ಕೊಡೆ ತೆಗೆದುಕೊಂಡು ಮನೆಗೆ. ಹಾಗಾಗಿ ತಲೆ ತಗ್ಗಿಸಿ, ನಾನು ಕಲಿತ ರೀತಿಯಲ್ಲೇ ಕಲಿಸುತ್ತಿದ್ದೆ. ಪುಸ್ತಕ ಓದುವುದು, ಬೋರ್ಡಿನ ಮೇಲೆ ಬರೆಯುವುದು, ಮಕ್ಕಳಿಂದ ಒಟ್ಟಿಗೆ ಹೇಳಿಸುವುದು.

ಒಂದು ಬೇಸಿಗೆಯಲ್ಲಿ ವಿಜ್ಞಾನ ಶಿಕ್ಷಕರಿಗೆ ಹೊಸ ಬಗೆಯ ಬೋಧನೆಯ ಶಿಬಿರ ಎಂದು ಸುತ್ತೋಲೆ ಬಂತು. ಕಾಯಂ ಟೀಚರುಗಳು ಯಾರೂ ರಜೆ ಬಿಟ್ಟುಕೊಡಲು ಒಪ್ಪಲಿಲ್ಲ. ನನ್ನನ್ನು ಕಳಿಸಿದರು. ತಿರುವನಂತಪುರದ ಬಸ್ ನಿಲ್ದಾಣದ ಹತ್ತಿರ, ತಂಪಾನೂರಿನ ಲಾಡ್ಜೊಂದರಲ್ಲಿ ಇನ್ನಿಬ್ಬರು ಟೀಚರುಗಳ ಜೊತೆ ಮೂರು ವಾರ ಉಳಿದೆ.

ಮೊದಲ ದಿನ, ಬಿಳಿ ಮುಂಡು ಉಟ್ಟ ಒಬ್ಬ ಹಿರಿಯ ಮೇಷ್ಟರು ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. ಈ ಊರಿನಲ್ಲಿ ನಡುಮಧ್ಯಾಹ್ನ ನೆರಳು ಯಾವ ದಿಕ್ಕಿಗೆ ಬೀಳುತ್ತದೆ? ನಾವೆಲ್ಲ ನಗುತ್ತ 'ಉತ್ತರ' ಎಂದು ಬರೆದುಕೊಟ್ಟೆವು. ಅವರು ಚೀಟಿಗಳನ್ನು ಬಿಡಿಸಿಯೂ ನೋಡದೆ ಜೇಬಿಗೆ ಹಾಕಿಕೊಂಡು, "ಬನ್ನಿ, ಹೊರಗೆ ಹೋಗೋಣ" ಎಂದರು. ಅಂಗಳದಲ್ಲಿ ಒಂದು ಕೋಲು ನೆಟ್ಟಿತ್ತು. ಮೇ ತಿಂಗಳ ಬಿಸಿಲಿಗೆ ಅದರ ನೆರಳು ಗೇಣುದ್ದ, ಸ್ಪಷ್ಟವಾಗಿ ದಕ್ಷಿಣಕ್ಕೆ ಬಿದ್ದಿತ್ತು.

ಒಬ್ಬರು ಕೋಲು ಸೊಟ್ಟಗಿದೆ ಎಂದರು. ಮೇಷ್ಟರು ತೂಕದ ದಾರ ಇಳಿಬಿಟ್ಟು ತೋರಿಸಿದರು. ಇನ್ನೊಬ್ಬರು ದಿಕ್ಕೇ ತಪ್ಪಿರಬೇಕು ಎಂದರು. ಮೇಷ್ಟರು ದಿಕ್ಸೂಚಿ ತೆಗೆದು ಅವರ ಕೈಗಿತ್ತರು. ಆಮೇಲೆ ನನ್ನ ಕಡೆ ತಿರುಗಿದರು.

"ಉತ್ತರ ಎಂದು ನಿಮಗೆ ಹೇಗೆ ಗೊತ್ತಾಯಿತು?"

"ಪುಸ್ತಕದಲ್ಲಿದೆ ಸರ್."

"ಬಿಸಿಲಲ್ಲಿ ಯಾವತ್ತೂ ನಿಂತಿಲ್ಲವೇ?"

ಕಾರಣವನ್ನು ಅವರು ಹೇಳಲಿಲ್ಲ. ಚೆಂಡು, ದೀಪ, ಗುಂಡುಸೂಜಿ ಇಟ್ಟುಕೊಂಡು ಮೂರು ದಿನ ತಿಣುಕಾಡಿ ನಾವೇ ಕಂಡುಕೊಂಡೆವು. ದಕ್ಷಿಣದ ಈ ಊರುಗಳಲ್ಲಿ ಸೂರ್ಯ ವರ್ಷಕ್ಕೆರಡು ಸಲ ನೆತ್ತಿಯ ಮೇಲೆ ಹಾದುಹೋಗುತ್ತಾನೆ. ನಡುವಿನ ತಿಂಗಳುಗಳಲ್ಲಿ ಅವನು ನಮ್ಮ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ. ಮೈಸೂರಿನಲ್ಲೂ ಹಾಗೆಯೇ. ಪ್ರತಿ ಮೇ ತಿಂಗಳೂ ಆ ನೆರಳನ್ನು ತುಳಿದುಕೊಂಡೇ ಓಡಾಡಿದ್ದ ನಾನು ಒಮ್ಮೆಯೂ ಕೆಳಗೆ ನೋಡಿರಲಿಲ್ಲ. ಮೂರನೆಯ ದಿನದ ಸಂಜೆ ಲಾಡ್ಜಿನ ಕಿಟಕಿಯಲ್ಲಿ ಬಸ್ಸುಗಳನ್ನು ನೋಡುತ್ತ ಕೂತಾಗ, ಇಷ್ಟು ವರ್ಷ ನನ್ನನ್ನು ಯಾರೋ ಒಂದು ಪುಸ್ತಕದೊಳಗೆ ಕೂಡಿಹಾಕಿದ್ದರು ಅನ್ನಿಸಿ ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಜೂನ್‌ನಲ್ಲಿ ಹೆಡ್‌ಮಿಸ್ಟ್ರೆಸ್ ಇನ್ನೊಂದು ವರ್ಷ ಇರಿ ಎಂದರು. ಮಗಳಿದ್ದ ಏಳನೆಯ ತರಗತಿಯೇ ನನ್ನದಾಯಿತು. ಅಂಗಳದಲ್ಲಿ ಕೋಲು ನೆಟ್ಟೆ. ಮಳೆಗಾಲ, ವಾರಕ್ಕೊಮ್ಮೆ ಬಿಸಿಲು ಕಂಡರೆ ಪುಣ್ಯ. ಮೋಡ ಸರಿದ ಕೂಡಲೇ ಮಕ್ಕಳು ಹೊರಗೆ ಓಡಿ ನೆರಳ ತುದಿಗೆ ಬೆಣಚುಕಲ್ಲು ಇಡುತ್ತಿದ್ದರು. ಅತಿ ಗಿಡ್ಡ ನೆರಳು ಸರಿಯಾಗಿ ಹನ್ನೆರಡಕ್ಕಲ್ಲ, ಅರ್ಧ ಗಂಟೆ ತಡವಾಗಿ ಊಟದ ಬೆಲ್ಲಿನ ಹೊತ್ತಿಗೆ ಬೀಳುತ್ತದೆ ಎಂದು ಕಂಡುಹಿಡಿದದ್ದು ನನ್ನ ಮಗಳು. ಮನೆಯಲ್ಲಿ ಮಾತು ಕಡಿಮೆಯಾಗಿದ್ದ ಹುಡುಗಿ ಈಗ ದಾರಿಯುದ್ದಕ್ಕೂ ಕೇಳುತ್ತಿದ್ದಳು. ಬೋಟ್ ಜೆಟ್ಟಿಯ ಗಡಿಯಾರ ಸುಳ್ಳೇ? ನೆರಳಿಗೊಂದು, ಗಡಿಯಾರಕ್ಕೊಂದು ಹನ್ನೆರಡು ಇದೆಯೇ? ನನಗೆ ಗೊತ್ತಿಲ್ಲದಿದ್ದಾಗ ಗೊತ್ತಿಲ್ಲ ಎನ್ನುತ್ತಿದ್ದೆ. ಹಾಗೆ ಹೇಳುವುದರಲ್ಲಿ ಎಷ್ಟು ಹಗುರವಿದೆ ಎಂದು ಆಗ ತಿಳಿಯಿತು.

ಆಗಸ್ಟ್ ಕೊನೆಯ ಒಂದು ಮಧ್ಯಾಹ್ನ ಕೋಲಿಗೆ ನೆರಳೇ ಇರಲಿಲ್ಲ. ಮಕ್ಕಳು ಕಿರುಚಿದ ಸದ್ದಿಗೆ ಪಕ್ಕದ ತರಗತಿಯ ಟೀಚರ್ ಹೊರಗೆ ಬಂದು ಯಾರಿಗೆ ಏನಾಯಿತು ಎಂದು ಕೇಳಿದರು.

ಕ್ರಿಸ್‌ಮಸ್‌ಗೆ ಮೊದಲು ಅರ್ಧವಾರ್ಷಿಕ ಪರೀಕ್ಷೆ. ಪ್ರಶ್ನೆಪತ್ರಿಕೆಯೂ ಉತ್ತರಗಳ ಪಟ್ಟಿಯೂ ಹೊರಗಿನಿಂದ ಬರುತ್ತಿದ್ದವು. ಬಿಟ್ಟ ಸ್ಥಳ ತುಂಬಿರಿ: ಮಧ್ಯಾಹ್ನದ ನೆರಳು ಯಾವಾಗಲೂ ಡ್ಯಾಶ್ ದಿಕ್ಕಿಗೆ ಬೀಳುತ್ತದೆ. ಮೂವತ್ತೊಂದು ಮಕ್ಕಳು 'ಯಾವಾಗಲೂ' ಎಂಬುದನ್ನು ಹೊಡೆದುಹಾಕಿ, ಯಾವ ತಿಂಗಳು ಯಾವ ಕಡೆ ಎಂದು ಬರೆದಿದ್ದರು. ಕೆಲವರು 'ಉತ್ತರ' ಎಂದಷ್ಟೇ ಬರೆದಿದ್ದರು. ನಾನು ಎಲ್ಲರಿಗೂ ಅಂಕ ಕೊಟ್ಟೆ.

ಅಂಕಗಳನ್ನು ಪ್ರಕಟಿಸಿದ ಮೂರನೆಯ ದಿನ ಹೆಡ್‌ಮಿಸ್ಟ್ರೆಸ್ ಕೋಣೆಗೆ ಕರೆ ಬಂತು. ಒಬ್ಬ ವಕೀಲರು ಕೂತಿದ್ದರು. 'ಉತ್ತರ' ಎಂದಷ್ಟೇ ಬರೆದಿದ್ದ ಅವರ ಮಗಳು ಎರಡನೆಯ ಸ್ಥಾನ, ನನ್ನ ಮಗಳು ಒಂದನೆಯ ಸ್ಥಾನ, ಅಂತರ ಒಂದೇ ಅಂಕ.

"ಪಟ್ಟಿಯಲ್ಲಿ ಇಲ್ಲದ ಉತ್ತರಕ್ಕೆ ಅಂಕ ಕೊಟ್ಟಿದ್ದೀರಿ. ಯಾರಿಗಾಗಿ ಎಂದು ನಾನು ಹೇಳಬೇಕೇ?" ಎಂದರು.

ಆ ಅಂಕ ಸರಿ ಎಂದು ವಾದಿಸಿದಷ್ಟೂ ನಾನು ಮಗಳಿಗಾಗಿ ವಾದಿಸುವ ತಾಯಿ. ಬೇರೆ ಮೂವತ್ತು ಮಕ್ಕಳ ಮಾತು ಯಾರ ಕಿವಿಗೂ ಬೀಳುವಂತಿರಲಿಲ್ಲ. ವಕೀಲರು ಹೋದ ಮೇಲೆ ಹೆಡ್‌ಮಿಸ್ಟ್ರೆಸ್ ಬಾಗಿಲು ಮುಂದೆ ಮಾಡಿದರು.

"ನೆರಳಿನ ವಿಷಯ ನನಗೂ ಗೊತ್ತು ಟೀಚರೇ. ನಮ್ಮ ಮನೆಯ ಬಾವಿಯ ತಳದಲ್ಲಿ ಸೂರ್ಯ ಕಾಣುವ ದಿನ ಅಮ್ಮೂಮ್ಮ ನಮ್ಮನ್ನೆಲ್ಲ ಕರೆದು ತೋರಿಸುತ್ತಿದ್ದರು. ಆದರೆ ಹತ್ತನೆಯ ತರಗತಿಯ ಪೇಪರು ತಿದ್ದುವವರು ನನ್ನ ಅಜ್ಜಿಯನ್ನು ಕಂಡಿಲ್ಲ." ಪೇಪರುಗಳ ಕಟ್ಟನ್ನು ನನ್ನ ಕಡೆ ಸರಿಸಿ, "ಪಟ್ಟಿಯಂತೆ ತಿದ್ದಿಬಿಡಿ. ಜೂನ್‌ನಲ್ಲಿ ನಿಮ್ಮನ್ನು ಮತ್ತೆ ಕರೆಯಬೇಕು ಅಂತ ನನಗಿದೆ" ಎಂದರು.

ಸ್ಟಾಫ್ ರೂಮಿನಲ್ಲಿ ಕೂತು ಮೂವತ್ತೊಂದು ಪೇಪರುಗಳಲ್ಲಿ ನಾನೇ ಹಾಕಿದ ಸರಿ ಗುರುತಿನ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಎಳೆದೆ. ಮಗಳ ಪೇಪರಿನಲ್ಲಿ ಕೋಲಿನ ಚಿತ್ರವೂ ಇತ್ತು, ಉದ್ದ ನೆರಳು, ಗಿಡ್ಡ ನೆರಳು, ತಿಂಗಳ ಹೆಸರುಗಳು. ಅದರ ಮೇಲೂ ಎಳೆದೆ.

ಸಂಜೆ ಅವಳು ಪೇಪರು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ಅಮ್ಮ ತನ್ನೆಯಲ್ಲೇ ನೋಕ್ಕಾನ್ ಪರಞ್ಞದು?" ನೋಡು ಅಂದವಳು ನೀನೇ ಅಲ್ಲವೇ?

"ಹೌದು. ನೀವು ನೋಡಿದ್ದು ಸರಿ."

"ಅಪ್ಪೋ ನಿಳಲಾಣೋ ತೆಟ್ಟಿಯದು?" ಹಾಗಾದರೆ ತಪ್ಪಿದ್ದು ನೆರಳಾ?

ಜಗಲಿಯಲ್ಲಿದ್ದ ಗಂಡ, "ಪರೀಕ್ಷೇಲಿ ಉತ್ತರ ಅಂತಾನೇ ಬರೀಲಿ ಬಿಡೇ. ಊರ ಉಸಾಬರಿ ನಿನಗ್ಯಾಕೆ?" ಎಂದರು. ನಮ್ಮ ಭಾಷೆಯಲ್ಲಿ ಆ ದಿಕ್ಕಿಗೂ ಜವಾಬಿಗೂ ಒಂದೇ ಪದ. ಅವರು ಯಾವುದನ್ನು ಹೇಳಿದರೆಂದು ನಾನು ಕೇಳಲಿಲ್ಲ.

ರಜೆಯಲ್ಲಿ ಮಕ್ಕಳ ಅಳತೆಯ ನೋಟ್‌ಬುಕ್ ತೆಗೆದುಕೊಂಡು ರೈಲಿನಲ್ಲಿ ತಿರುವನಂತಪುರಕ್ಕೆ ಹೋದೆ. ಮಗಳನ್ನು ಕರೆದೆ, ಬರುವುದಿಲ್ಲ ಎಂದಳು. ಪಠ್ಯಪುಸ್ತಕದ ಕೆಲಸ ನೋಡಿಕೊಳ್ಳುವ ಕಚೇರಿಯಲ್ಲಿ ಅಧಿಕಾರಿ ಒಳ್ಳೆಯವರೇ. ಚಾಯ ತರಿಸಿದರು, ನೋಟ್‌ಬುಕ್ಕಿನ ಪ್ರತಿ ಪುಟ ತಿರುವಿ ನೋಡಿದರು.

"ಚೆನ್ನಾಗಿದೆ. ಆದರೆ ಈ ಪಾಠ ಉತ್ತರ ಭಾರತದ ಪುಸ್ತಕದಿಂದ ತೆಗೆದುಕೊಂಡದ್ದು. ಅಲ್ಲಿಗೆ ಅದು ಸರಿ."

"ನಾವಿರುವುದು ಇಲ್ಲಿ ಸರ್."

"ಹೌದು, ನಾವಿರುವುದು ಇಲ್ಲಿ," ಎಂದು ಅವರೂ ಒಪ್ಪಿಕೊಂಡು, ಒಂದು ಅರ್ಜಿ ಬರೆಸಿಕೊಂಡರು.

ಅರ್ಜಿಗೆ ಜವಾಬು ಬರಲಿಲ್ಲ. ಕೆಲವು ವರ್ಷಗಳ ನಂತರ ಹೊಸ ಪುಸ್ತಕ ಬಂದಾಗ ಆತುರದಿಂದ ತೆರೆದು ನೋಡಿದೆ. ಆ ವಾಕ್ಯವನ್ನು ತಿದ್ದಿರಲಿಲ್ಲ. ನೆರಳಿನ ಪಾಠವನ್ನೇ ಕೈಬಿಟ್ಟಿದ್ದರು.

ಅಷ್ಟರಲ್ಲಿ ಮಗಳು ಕಾಲೇಜಿಗೆ ಸೇರಿ ಕಾಮರ್ಸ್ ತೆಗೆದುಕೊಂಡಿದ್ದಳು. ಏಳನೆಯ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ಅವಳು 'ಉತ್ತರ' ಎಂದೇ ಬರೆದು ಮೊದಲಿಗಳಾಗಿದ್ದಳು; ಬೇರೆ ಟೀಚರ್ ತಿದ್ದಿದ ಆ ಪೇಪರನ್ನು ನನಗೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ದಾರಿಯಲ್ಲಿ ಪ್ರಶ್ನೆಗಳು ಅದಕ್ಕೂ ಮೊದಲೇ ನಿಂತಿದ್ದವು.

ನಾನು ಕೆಲಸ ಬಿಡಲಿಲ್ಲ. ಬಿಟ್ಟು ಆ ಬಾಡಿಗೆ ಮನೆಯಲ್ಲಿ ಹಗಲಿಡೀ ಒಬ್ಬಳೇ ಕೂರುವ ಧೈರ್ಯವಿರಲಿಲ್ಲ. ಹಳೆಯ ರೀತಿಗೆ ಮರಳಿ ಹೋಗಲೂ ಮನಸ್ಸು ಒಪ್ಪಲಿಲ್ಲ. ಬೀಜ, ಆಯಸ್ಕಾಂತ, ಕೆರೆಯ ನೀರು ತಂದು ಮಕ್ಕಳ ಕೈಗೆ ಕೊಡುತ್ತಿದ್ದೆ, ನೋಡಿ ಎನ್ನುತ್ತಿದ್ದೆ. ಅವರು ನೋಡಿ ಹೇಳಿದ್ದನ್ನು ಕೇಳಿಸಿಕೊಂಡು, ಕೊನೆಯ ಹತ್ತು ನಿಮಿಷ ಪುಸ್ತಕದಲ್ಲಿದ್ದದ್ದನ್ನು ಬರೆಸುತ್ತಿದ್ದೆ. ಎರಡೂ ಒಂದೇ ಆದ ದಿನ ನನಗೆ ನೆಮ್ಮದಿ. ಬೇರೆಬೇರೆಯಾದ ದಿನ ಮಕ್ಕಳ ಮುಖ ನೋಡದೆ ಬೋರ್ಡಿಗೆ ತಿರುಗಿಕೊಳ್ಳುತ್ತಿದ್ದೆ.

ಮಕ್ಕಳು ಬೇಗ ಹೊಂದಿಕೊಂಡರು. ನಾನು ಏನಾದರೂ ಹೇಳಲು ಬಾಯಿ ತೆರೆದರೆ ಸಾಕು, ಮುಂದಿನ ಬೆಂಚಿನಿಂದ ಯಾರಾದರೂ ಪೆನ್ನು ಹಿಡಿದು ಕೇಳುತ್ತಿದ್ದರು, "ಟೀಚರೇ, ಇದು ಕಾಣಾನೋ, ಎಳುದಾನೋ?" ನೋಡುವುದಕ್ಕೋ, ಬರೆಯುವುದಕ್ಕೋ?

ಆ ದನಿಯಲ್ಲಿ ದೂರು ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಪುಟ ತಿರುವಬೇಕೋ ಬೇಡವೋ ಎಂದು ಕೇಳುವಂತೆ ಕೇಳುತ್ತಿದ್ದರು. ನಾನು "ಎಳುದಾನ್" ಎನ್ನುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು.