ಬೇಟೆಗೆ ಹೊರಟ ಬನಿಯನ್ನು

ಚಳಿಗಾಲದಲ್ಲಿ ನಾನು ಬಟ್ಟೆ ಹಾಕಿಕೊಳ್ಳುವುದಿಲ್ಲ. ನಮ್ಮಮ್ಮ ನನಗೆ ಬಟ್ಟೆ ಹಾಕುತ್ತಾಳೆ. ಮೀಸೆ ಬಂದು ಎಷ್ಟೋ ವರ್ಷವಾದ ಗಂಡಸು ಹೀಗೆಲ್ಲ ಬರೆದುಕೊಳ್ಳಬಾರದು ನಿಜ, ಆದರೆ ಅಮ್ಮನನ್ನು ಕಂಡವರು ನನ್ನನ್ನು ಕ್ಷಮಿಸುತ್ತಾರೆ. ಅವಳು ಲಂಡನ್ನಿನ ಸಟನ್ ಕಡೆಯ ಒಂದು ಆಸ್ಪತ್ರೆಯಲ್ಲಿ ಡಾಕ್ಟರು. ಚಳಿಗಾಳಿಯಿಂದ ನೆಗಡಿ ಬರುವುದಿಲ್ಲ, ವೈರಸ್ಸಿನಿಂದ ಬರುತ್ತದೆ ಅಂತ ಹಗಲೆಲ್ಲ ಇಂಗ್ಲಿಷರಿಗೆ ನಯವಾಗಿ ತಿಳಿಹೇಳುತ್ತಾಳೆ. ಸಂಜೆ ಮನೆಗೆ ಬಂದವಳೇ, "ಕಿವಿ ಮುಚ್ಕೊಳೋ, ಗಾಳಿ ಹೊಕ್ಕತ್ತೆ" ಅಂತ ನನ್ನ ಬೆನ್ನು ಹತ್ತುತ್ತಾಳೆ. ಅವಳ ವಿಜ್ಞಾನ ಆಸ್ಪತ್ರೆಯ ಕಾರ್ ಪಾರ್ಕ್ ದಾಟುವುದಿಲ್ಲ.

ಅಮ್ಮನ ಈ ಎರಡೂ ದನಿಗಳನ್ನು ನಾನು ಬಲು ಚೆನ್ನಾಗಿ ತೆಗೆಯುತ್ತೇನೆ. ಲಂಡನ್ನಿನ ಕನ್ನಡದವರ ಯಾವ ಗೃಹಪ್ರವೇಶಕ್ಕೆ ಹೋದರೂ ಪಾಯಸ ಮುಗಿಯುವ ಹೊತ್ತಿಗೆ ಯಾರಾದರೊಬ್ಬರು "ಎಲ್ಲಿ, ನಿಮ್ಮಮ್ಮನ್ನ ಮಾಡು" ಅನ್ನುತ್ತಾರೆ. ಅಮ್ಮನನ್ನು ಮಾಡುತ್ತೇನೆ. ಆಮೇಲೆ ಧಾರವಾಡದ ಸರ್ಜನ್ನರು ಆಪರೇಷನ್ ನಡುವೆ ನರ್ಸಿನ ಹತ್ತಿರ ಪೇಡೆಯ ಗುಣಗಾನ ಮಾಡುವುದು, ಬೆಂಗಳೂರಿನವರು ಬೆಂಗಳೂರಿನ ಟ್ರಾಫಿಕ್ಕನ್ನು ಹೆಮ್ಮೆಯಿಂದ ಬೈಯುವುದು. ನಾನು ಕೆಲಸಕ್ಕೆ ಹೋಗುವ ಆಫೀಸಿನಲ್ಲಿ ನನ್ನ ದನಿಯಲ್ಲಿ ಮಾತಾಡಿದರೆ ಯಾರೂ ಕೇಳುವುದಿಲ್ಲ, ಮ್ಯಾನೇಜರನ ದನಿಯಲ್ಲಿ ಮಾತಾಡಿದರೆ ಎದ್ದು ನಿಲ್ಲುತ್ತಾರೆ. ರೀನಾ ನನಗೆ ಒಲಿದದ್ದೂ ಹಾಗೆಯೇ. ತಡವಾದ ರೈಲಿಗೆ ಇಬ್ಬರೂ ಕಾಯುತ್ತಿದ್ದಾಗ, ಸ್ಟೇಷನ್ನಿನ ಪ್ರಕಟಣೆಯ ಹೆಂಗಸಿನ ದನಿಯಲ್ಲಿ, ತಮ್ಮನ್ನು ಕಾಫಿಗೆ ಕರೆಯುವುದು ಇಷ್ಟು ತಡವಾದದ್ದಕ್ಕೆ ವಿಷಾದಿಸುತ್ತೇವೆ ಅಂದಿದ್ದೆ.

ಅವಳ ಅಪ್ಪ ಮಾತ್ರ ಒಲಿಯಲಿಲ್ಲ. ಲಾರೆನ್ಸ್ ಅಂಕಲ್ ಕಾರ್ಕಳದ ಕಡೆಯವರು, ಮನೆಯಲ್ಲಿ ಕೊಂಕಣಿ, ಈಗಿನ ಊರು ಫೆಲ್ಥಮ್, ಕೆಲಸ ಏರ್‌ಪೋರ್ಟಿನ ಕಾರ್ಗೋದಲ್ಲಿ. ನಾನು ಅವರೆದುರು ನನ್ನ ಸರಕನ್ನೆಲ್ಲ ಬಿಚ್ಚಿದ ಮೇಲೆ ಮಗಳ ಹತ್ತಿರ ಕೇಳಿದರಂತೆ: "ಎಲ್ಲರ ಸ್ವರ ತೆಗೀತಾನೆ, ಒಳ್ಳೇದು. ಇವನದ್ದು ಅಂತ ಸ್ವರ ಎಲ್ಲುಂಟು?" ಮದುವೆಯ ಮಾತಿಗೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಶನಿವಾರ ನನ್ನ ಒಟ್ಟಿಗೆ ಬೇಟೆಗೆ ಬರ್ಲಿ. ಬಾಯಿ ಮುಚ್ಚಿ ಕೂರ್ಲಿಕ್ಕೆ ಆಗ್ತದಾ ನೋಡುವಾ" ಅಂದರು.

ಅಂಕಲ್‌ಗೆ ಲೈಸೆನ್ಸಿನ ಕೋವಿಯಿದೆ. ಬ್ರಾಮ್ಲಿಯ ಅಂಚಿನಲ್ಲಿ, ಲಂಡನ್ ಇನ್ನು ಸಾಕಪ್ಪಾ ಅಂತ ಕೈಚೆಲ್ಲುವ ಕಡೆ, ಒಬ್ಬ ರೈತನ ಹೊಲವಿದೆ. ಅವನ ಚಳಿಗಾಲದ ಬೆಳೆಯನ್ನು ಜಿಂಕೆಗಳು ಮೇಯುತ್ತವೆ. ಅವನ ಒಪ್ಪಿಗೆಯ ಮೇರೆಗೆ ಅಂಕಲ್ ಆಗಾಗ ಒಂದು ಹೊಡೆಯುತ್ತಾರೆ. ಈ ದೇಶದಲ್ಲಿ ಬೇಟೆಗೂ ಪರವಾನಗಿ, ಋತು, ಕ್ರಮ ಎಲ್ಲ ಉಂಟು. ಬೇಡದಿರುವುದು ನನ್ನಂಥವನು ಮಾತ್ರ.

"ಇದು ಫೇಲ್ ಆದ್ರೂ ನಾನು ನಿನ್ನನ್ನ ಮದುವೆಯಾಗ್ತೀನಿ," ಅಂದಳು ರೀನಾ, ಅವಳ ಇಂಗ್ಲಿಷಿನಲ್ಲಿ, "ಆದ್ರೆ ಜೀವನಪೂರ್ತಿ ಭಾನುವಾರದ ಊಟಕ್ಕೆ ಡ್ಯಾಡಿ ಎದುರು ಕೂರೋನು ನೀನು." ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ. ಆಡುವುದು ನನ್ನನ್ನು ಬೈಯಲಿಕ್ಕೆ ಮಾತ್ರ. ಅದನ್ನೂ ಆಡಿದಳು: "ಮಂಗನ ಹಾಗೆ ಮಾಡ್ಬೇಡ."

ಹಾಗಾಗಿ ನಾನು ಬಟ್ಟೆಯ ಶಾಸ್ತ್ರಕ್ಕೆ ಕೈಹಾಕಿದೆ. ನಮ್ಮ ಪೂರ್ವಿಕರಿಂದ ಸಹಾಯ ಸಿಗಲಿಲ್ಲ. ಹೊಯ್ಸಳರ ಗುಡಿಗಳ ಗೋಡೆಯ ಮೇಲೆ ಬಿಲ್ಲು ಹಿಡಿದು ಬೇಟೆಗೆ ಹೊರಟ ಸುಂದರಿಯರಿದ್ದಾರೆ. ಮೈಮೇಲೆ ಒಡವೆ ಬಿಟ್ಟರೆ ಹೇಳಿಕೊಳ್ಳುವಂಥದ್ದೇನಿಲ್ಲ. ಹಾಸನದ ಹವೆಗೆ ಅದು ಸಾಕಿರಬಹುದು. ಜನವರಿಯ ಬ್ರಾಮ್ಲಿಯಲ್ಲಿ ಕೊರಳ ಹಾರ ಚರ್ಮಕ್ಕೆ ಅಂಟಿಕೊಂಡೀತು. ಕೊನೆಗೆ ಸಟನ್ನಿನಲ್ಲಿ ಚಾರಣದ ಬಟ್ಟೆ ಮಾರುವ ಒಂದು ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಹಿಮಾಲಯದಿಂದ ಈಗಷ್ಟೇ ಇಳಿದು ಬಂದವನಂತೆ ಗಡ್ಡ ನೀವುತ್ತ ಉಪದೇಶಿಸಿದ: ಒಳಗಿನ ಪದರ ಬೆವರು ಹೀರಿ ಹೊರಗೆ ದಾಟಿಸಬೇಕು, ನಡುವಿನದು ಬಿಸಿ ಹಿಡಿದಿಡಬೇಕು, ಹೊರಗಿನದು ಗಾಳಿ ತಡೆಯಬೇಕು. ಹತ್ತಿ ಬಟ್ಟೆ ಮಾತ್ರ ಬೇಡವೇ ಬೇಡ, ಅದು ಬೆವರು ಕುಡಿದು ಅಲ್ಲೇ ಕೂತುಬಿಡುತ್ತದೆ. ಅವನ ದನಿ ನನಗೆ ಎಷ್ಟು ಹಿಡಿಸಿತೆಂದರೆ, ದಾರಿಯುದ್ದಕ್ಕೂ ಅದನ್ನೇ ಅಭ್ಯಾಸ ಮಾಡುತ್ತ ಮನೆಗೆ ಬಂದೆ. ದನಿ ಪೂರ್ತಿ ಕೈಗೆ ಬಂತು. ಅವನು ಹೇಳಿದ ವಿಷಯ ಬರಲಿಲ್ಲ.

ಅಮ್ಮನ ಸಿದ್ಧಾಂತವೇ ಬೇರೆ. ಪದರ ಅಂದಮೇಲೆ ಬಾಳೆದಿಂಡಿನ ಹಾಗಿರಬೇಕು, ಸುಲಿದಷ್ಟೂ ಇನ್ನೊಂದು. ಮಂಚದ ಕೆಳಗಿನ ಸೂಟ್‌ಕೇಸ್ ಹೊರಗೆ ಬಂತು. ಮೈಸೂರಿನಿಂದ ತಂದ ಬಿಳಿ ಹತ್ತಿ ಬನಿಯನ್ನು. ಅದರ ಮೇಲೆ ದೊಡ್ಡಮ್ಮ ಹೆಣೆದ ತೋಳಿಲ್ಲದ ಸ್ವೆಟರು. ಅದರ ಮೇಲೆ ದೊಡ್ಡಮ್ಮನೇ, ತೋಳಿಲ್ಲ ಅಂತ ಬೇಜಾರಾಗಿ ಹೆಣೆದ ತೋಳಿನ ಸ್ವೆಟರು. ಹೊಟ್ಟೆಗೆ ಶಾಲು. ತಲೆಗೆ ಮಂಕಿ ಕ್ಯಾಪು. ಎಲ್ಲಕ್ಕೂ ಮೇಲೆ ಹಳೆಯ ನೈಲಾನ್ ರೇನ್‌ಕೋಟು. ಉಣ್ಣೆಯವೆಲ್ಲ ಬೇಸಿಗೆಯಿಡೀ ನುಸಿಗುಳಿಗೆಗಳ ಜೊತೆ ಮಲಗಿ ಎದ್ದಂಥವು. ಕೊನೆಗೆ ನೀಲಗಿರಿ ಎಣ್ಣೆಯ ಬಾಟಲಿ ಬಂತು.

"ಅಮ್ಮ, ನೀನು ಡಾಕ್ಟರು."

"ಡಾಕ್ಟರಾಗಿ ಹೇಳ್ತಿಲ್ಲ, ಎದೆ ಕೊಡು."

ಬೆಳಕು ಹರಿಯುವ ಮುಂಚೆ ಲಾರೆನ್ಸ್ ಅಂಕಲ್ ಕಾರು ತಂದರು. ತೆಳ್ಳಗಿನ ಉಣ್ಣೆಯ ಅಂಗಿಯೊಂದನ್ನು ತೊಟ್ಟು, ಹಸಿರು ಕೋಟನ್ನು ಹಿಂದಿನ ಸೀಟಿನ ಚೀಲದಲ್ಲಿಟ್ಟಿದ್ದರು. ನಾನು ಸೀಟಿನೊಳಗೆ ನನ್ನನ್ನು ತುರುಕಿಕೊಳ್ಳುವುದನ್ನು ಸುಮ್ಮನೆ ನೋಡಿದರು.

"ಎಂತ ಮಾರಾಯ, ಬಟ್ಟೆ ಇಡ್ಲಿಕ್ಕೆ ಮನೆಯಲ್ಲಿ ಬೀರು ಇಲ್ವಾ?"

ಬಾಯಿ ಮುಚ್ಚಿಕೊಂಡಿರುವ ವ್ರತ ಹಿಡಿದವನು ನಾನು. ನಕ್ಕೆ. ಅಂಕಲ್ ಒಮ್ಮೆ ಮೂಗು ಏರಿಸಿದರು. ಆಮೇಲೆ ತಮ್ಮ ಕಡೆಯ ಕಿಟಕಿಯ ಗಾಜು ಪೂರ್ತಿ ಇಳಿಸಿದರು. ದಾರಿಯುದ್ದಕ್ಕೂ ಇಳಿಸಿಯೇ ಓಡಿಸಿದರು.

ಕಾರಿನಿಂದ ಇಳಿದು ಹೊಲದ ಅಂಚು ಹಿಡಿದು ಗುಡ್ಡ ಹತ್ತಬೇಕು. ಅಂಕಲ್ ಆ ತೆಳುವಾದ ಅಂಗಿಯಲ್ಲೇ, ಚೀಲ ಬೆನ್ನಿಗೆ ಹಾಕಿಕೊಂಡು ಹೊರಟರು. "ನಡೆವಾಗ ಸ್ವಲ್ಪ ಚಳಿ ಆಗ್ಬೇಕು. ಕೂತ ಮೇಲೆ ಹಾಕಿಕೊಳ್ಳುದು." ನನ್ನದು ತದ್ವಿರುದ್ಧ ಪಂಥ. ಅರ್ಧ ಗುಡ್ಡಕ್ಕೆ ಬನಿಯನ್ನು ಒದ್ದೆಯಾಯಿತು. ಪೂರ್ತಿ ಹತ್ತುವಷ್ಟರಲ್ಲಿ ಒಳಗೆ ಇಡ್ಲಿ ಬೇಯಿಸಬಹುದಿತ್ತು. ಮೇಲೆ ಮರಕ್ಕೆ ಒರಗಿಸಿದ ಕಬ್ಬಿಣದ ಅಟ್ಟಣೆ, ಇಬ್ಬರು ಮೊಣಕಾಲು ತಾಗಿಸಿಕೊಂಡು ಕೂರುವಷ್ಟು ಹಲಗೆ. ಅಂಕಲ್ ಈಗ ಹಸಿರು ಕೋಟು ತೊಟ್ಟು, ಕೋವಿ ತೊಡೆಯ ಮೇಲಿಟ್ಟು, ಮರದ ಕೊಂಬೆಯೇ ಆಗಿಬಿಟ್ಟರು.

ನಾನು ಉಸಿರು ತೆಗೆದೆ. ರೇನ್‌ಕೋಟು ಚರ್ ಅಂದಿತು. ಉಸಿರು ಬಿಟ್ಟೆ. ಪರ್ ಅಂದಿತು. ಅಂಕಲ್ ಕೊರಳನ್ನಷ್ಟೇ ತಿರುಗಿಸಿ ನನ್ನತ್ತ ನೋಡಿದರು. ಜೀವಮಾನವಿಡೀ ಬೇರೆಯವರ ಸದ್ದು ಮಾಡಿ ಬದುಕಿದವನನ್ನು ಒಂದು ರೇನ್‌ಕೋಟು ಹಿಡಿದುಕೊಟ್ಟಿತ್ತು. ಬೇರೆ ದಾರಿಯಿರಲಿಲ್ಲ. ಒಂದೊಂದೇ ಗುಂಡಿ ಬಿಚ್ಚಿ, ಹಿತಕಿದ ಅವರೆಬೇಳೆಯ ಹಾಗೆ ಅದರಿಂದ ಜಾರಿ ಹೊರಬಂದೆ. ಸದ್ದು ನಿಂತಿತು. ಗಾಳಿ ಶುರುವಾಯಿತು. ದೊಡ್ಡಮ್ಮನ ಹೆಣಿಗೆಯ ಒಂದೊಂದು ಕಣ್ಣಿನಿಂದಲೂ ಒಳನುಗ್ಗಿ ಒದ್ದೆ ಬನಿಯನ್ನನ್ನು ಹುಡುಕಿ ಹಿಡಿಯಿತು. ಬೆನ್ನಿಗೆ ಯಾರೋ ಫ್ರಿಜ್ಜಿನ ಬಾಗಿಲು ಒರಗಿಸಿದಂತಿತ್ತು. ಹಲ್ಲು ಕಟಕಟ ಅನ್ನದಿರಲೆಂದು ಮಂಕಿ ಕ್ಯಾಪಿನ ತುದಿಯನ್ನು ಬಾಯಲ್ಲಿ ಕಚ್ಚಿದೆ. ಮನಸ್ಸಿನೊಳಗೆ ಯಾವ ದನಿಯನ್ನಾದರೂ ತೆಗೆದು ನಗೋಣವೆಂದರೆ ಒಂದೂ ಬರಲಿಲ್ಲ. ಇದ್ದದ್ದು ಚಳಿಯಾದ ನಾನೊಬ್ಬನೇ. ಅಷ್ಟೇನೂ ಸ್ವಾರಸ್ಯದ ಮನುಷ್ಯನಲ್ಲ.

ಆಗ ಬೇಲಿಯ ಸಂದಿಯಿಂದ ಜಿಂಕೆ ಬಂತು. ಕಂದು ಬಣ್ಣದ್ದು, ಒಂಟಿ ಹೆಣ್ಣು, ಪರಿಚಯದವರ ಮನೆಯ ಅಂಗಳಕ್ಕೆ ಬಂದಷ್ಟು ನಿಧಾನವಾಗಿ. ಅಂಕಲ್ ಕೋವಿ ಎತ್ತಿದರು. ನಾನು ನಡುಗುವುದನ್ನೂ ನಿಲ್ಲಿಸಿದೆ, ಹೇಗೆಂದು ಕೇಳಬೇಡಿ. ಅಷ್ಟರಲ್ಲಿ ಗಾಳಿ ತಿರುಗಿತು. ಜಿಂಕೆ ತಲೆಯೆತ್ತಿ, ಮೂಗು ಅರಳಿಸಿ, ನೇರ ನನ್ನನ್ನೇ ನೋಡಿತು. ಮಂಚದ ಕೆಳಗಿನ ಸೂಟ್‌ಕೇಸ್ ಬ್ರಾಮ್ಲಿಯ ಮರವೇರಿ ಕೂತದ್ದನ್ನು ಅದರ ವಂಶದಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಒಂದೇ ನೆಗೆತಕ್ಕೆ ಬೇಲಿಯಾಚೆಗಿತ್ತು.

ಅಂಕಲ್ ಕೋವಿ ಇಳಿಸಿದರು. "ನುಸಿಗುಳಿಗೆ," ಅಂದರು. ಇನ್ನೊಮ್ಮೆ ಮೂಗು ಏರಿಸಿ, "ಮತ್ತೆ ನೀಲಗಿರಿ."

"ನಿಮಗೆ ಕಾರಲ್ಲೇ ಗೊತ್ತಾಗಿತ್ತಾ?"

"ದಾರಿಯಲ್ಲಿ ಕ್ರೊಯ್ಡನ್‌ನವರಿಗೂ ಗೊತ್ತಾಗಿರ್ತದೆ."

"ಮತ್ತೆ ಯಾಕೆ ಕರ್ಕೊಂಡು ಬಂದ್ರಿ, ಅಂಕಲ್?"

"ಜಿಂಕೆ ಇನ್ನೊಂದು ದಿನ ಸಿಗ್ತದೆ." ಆಮೇಲೆ ನನ್ನ ಕೈ ಮುಟ್ಟಿ ನೋಡಿದರು, ಕಾಲರಿನೊಳಗೆ ಬೆರಳು ಹಾಕಿ ಬನಿಯನ್ನು ಮುಟ್ಟಿದರು. ಮುಖ ಬದಲಾಯಿತು. "ಇದು ನೀರು ಮಾರಾಯ. ಇಷ್ಟು ಹೊತ್ತೂ ಇದ್ರಲ್ಲೇ ಕೂತದ್ದಾ? ಹೇಳ್ಲಿಕ್ಕೆ ಎಂತ ದಾಡಿ?"

"ನೀವೇ ಬಾಯಿ ಮುಚ್ಚಿ ಕೂರ್ಬೇಕು ಅಂದಿದ್ರಂತೆ."

ದಡಬಡ ಸದ್ದು ಮಾಡುತ್ತ ಕೆಳಗಿಳಿದರು, ಇನ್ನು ಯಾವ ಜಿಂಕೆಯ ಹಂಗೂ ಇಲ್ಲದವರಂತೆ. ಹೊಲದ ಅಂಚಿನಲ್ಲಿ ನನ್ನ ಪದರಗಳನ್ನೆಲ್ಲ ಸುಲಿಸಿ, ಚೀಲದಲ್ಲಿದ್ದ ತಮ್ಮ ಇನ್ನೊಂದು ಉಣ್ಣೆಯ ಅಂಗಿ ತೊಡಿಸಿ, ಅದರ ಮೇಲೆ ತಮ್ಮ ಹಸಿರು ಕೋಟನ್ನೇ ಹೊದಿಸಿದರು. ಅಮ್ಮನ ಕೈಯಿಂದ ತಪ್ಪಿಸಿಕೊಂಡು ಲಾರೆನ್ಸ್ ಅಂಕಲ್ ಕೈಗೆ ಬಿದ್ದಿದ್ದೆ. ಬೈಯುವ ರೀತಿಯೂ ಹೆಚ್ಚು ಕಡಿಮೆ ಒಂದೇ.

ಫೆಲ್ಥಮ್ ಮನೆಯ ಬಾಗಿಲು ತೆರೆದರೆ ಮೀನು ಕಾಯಿಸುವ ಪರಿಮಳ. ಇಲ್ಲಿ ನಮ್ಮವರ ಮನೆಗಳಲ್ಲಿ ಒಂದು ಪದ್ಧತಿಯಿದೆ. ಅಡುಗೆಮನೆಯಲ್ಲಿ ಬಾಣಲೆ ಬಿಸಿಯಾಗುವ ಮುಂಚೆ ಮನೆಯವರ ಕೋಟುಗಳೆಲ್ಲ ಮಹಡಿಯ ಕೋಣೆ ಸೇರುತ್ತವೆ, ಬಾಗಿಲು ಮುಚ್ಚುತ್ತದೆ. ಒಗ್ಗರಣೆ ಹೊತ್ತುಕೊಂಡು ಟ್ಯೂಬ್ ರೈಲು ಹತ್ತುವ ಹಾಗಿಲ್ಲ. ಬಂದುಹೋಗುವವರ ಕೋಟಿಗೆ ಬಾಗಿಲ ಪಕ್ಕದ ಮೊಳೆಯೇ ಗತಿ. ಇಷ್ಟು ದಿನ ನನ್ನ ಕೋಟು ಅಲ್ಲೇ ನೇತಾಡುತ್ತಿತ್ತು, ಸೋಮವಾರ ಆಫೀಸಿನಲ್ಲಿ ಮೀನಿನ ವಾಸನೆಗೆ ನನ್ನ ಅಕ್ಕಪಕ್ಕದ ಕುರ್ಚಿಗಳು ಖಾಲಿ ಬೀಳುತ್ತಿದ್ದವು.

ಅಂಕಲ್ ನನ್ನ ಸ್ವೆಟರುಗಳ ಮೂಟೆಯನ್ನು ರೀನಾಳ ಅಮ್ಮ ಅಗ್ನೆಸ್ ಆಂಟಿಯ ಕೈಗಿಟ್ಟರು. "ಇದನ್ನು ಮೇಲೆ ಇಡು."

ಆಂಟಿ ಮೂಗು ಹಿಂದಕ್ಕೆಳೆದರು. "ಮೇಲೆಯಾ? ನಿಮ್ಮ ಬೇಟೆಯ ಬಟ್ಟೆಯೆಲ್ಲ ಅಲ್ಲೇ ಉಂಟು. ಎಲ್ಲದಕ್ಕೂ ಇದರ ವಾಸನೆ ಹತ್ತುತ್ತದೆ."

"ಹತ್ಲಿ," ಅಂದರು ಅಂಕಲ್, ಕೈ ತೊಳೆಯಲು ಹೋಗುತ್ತ.

ರೀನಾ ಮೆಟ್ಟಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದಳು, ಏನಾದರೂ ತಮಾಷೆ ಮಾಡುತ್ತಾನೆಂದು ಕಾದು. ನಾನು ಅಂಕಲ್ ಹಿಂದೆಯೇ ಕೈ ತೊಳೆಯಲು ಹೋದೆ. ಆ ಚಳಿಗಾಲವಿಡೀ ಅಂಕಲ್‌ಗೆ ಒಂದು ಜಿಂಕೆಯೂ ಸಿಗಲಿಲ್ಲ. ಬ್ರಾಮ್ಲಿಯ ರೈತ, ಏನಪ್ಪಾ ಸಮಾಚಾರ ಅಂತ ಕೇಳಿದರೆ, ಮನೆಗೊಬ್ಬ ಹುಡುಗ ಸೇರಿದ್ದಾನೆ ಅಂದರಂತೆ.