ಗಂಟೆ ಬಾರಿಸಲು ಮರೆತವಳಿಗೆ ಕೆಲಸ

ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ನಾನು ಏಳು ಕೆಲಸ ಬಿಟ್ಟೆ. ಬಿಟ್ಟೆ ಅನ್ನುವುದು ಮರ್ಯಾದೆಯ ಮಾತು. ಐದು ಕಡೆ ಅವರೇ ಬಿಡಿಸಿದ್ದರು. ಬಟ್ಟೆ ಅಂಗಡಿಯಲ್ಲಿ ಸೀರೆ ತರಲು ಅಟ್ಟ ಹತ್ತಿದವಳು ಯಾವ ಸೀರೆ ಎಂಬುದನ್ನು ಮರೆತು ಬರಿಗೈಯಲ್ಲಿ ಇಳಿಯುತ್ತಿದ್ದೆ. ದವಾಖಾನೆಯಲ್ಲಿ ಹೆಸರು ಬರೆದುಕೊಳ್ಳುವ ಕೆಲಸಕ್ಕಿದ್ದಾಗ ಕೀಲಿಕೈ ಮನೆಯಲ್ಲೇ ಬಿಟ್ಟು ಬಂದು, ರೋಗಿಗಳ ಜೊತೆ ಡಾಕ್ಟರನ್ನೂ ಎರಡು ಸಲ ಬಾಗಿಲ ಹೊರಗೆ ನಿಲ್ಲಿಸಿದ್ದೆ.

ಎಂಟನೆಯ ಕೆಲಸ ಕೇಳಲು ಹೋದದ್ದು ದೇಶಪಾಂಡೆ ನಗರದ ಒಂದು ಮಹಿಳಾ ಮಂಡಳಕ್ಕೆ. ಹೆಣ್ಣುಮಕ್ಕಳಿಗೆ ಕೆಲಸ ಹುಡುಕಿ ಕೊಡುತ್ತಿದ್ದರು. ಅದನ್ನು ನಡೆಸುತ್ತಿದ್ದವರು ನಿವೃತ್ತ ಶಿಕ್ಷಕಿ; ಎಲ್ಲರೂ ಅವರನ್ನು 'ಬಾಯಾರು' ಎಂದೇ ಕರೆಯುತ್ತಿದ್ದರು. ನನ್ನ ಚರಿತ್ರೆಯನ್ನೆಲ್ಲ ಕೇಳಿ ಅವರು ನಗಲಿಲ್ಲ, ಬೈಯಲೂ ಇಲ್ಲ.

"ಏಳು ಕೆಲಸದ ಒಳಹೊರಗು ಗೊತ್ತಿರೋ ಹೆಣ್ಣಮಗಳು ನಮಗ ಬೇಕಾಗಿತ್ತು. ಇಲ್ಲೇ ಇರು" ಅಂದರು.

ಯಾರಿಗೆ ಆಳು ಬೇಕಾಗಿದೆ ಎಂದು ಕೇಳಿಕೊಂಡು ಊರೆಲ್ಲ ಅಡ್ಡಾಡುವುದು ನನ್ನ ಪಾಲಿಗೆ ಬಂತು. ಬಾಯಾರು ಪ್ರತಿ ಮುಂಜಾನೆ ಆ ದಿನದ ಕೆಲಸಗಳನ್ನು ಒಂದು ಚೀಟಿಯಲ್ಲಿ ಬರೆದು ನನ್ನ ಚೀಲದ ಹಿಡಿಕೆಗೆ ಪಿನ್ನು ಚುಚ್ಚಿ ಕಳಿಸುತ್ತಿದ್ದರು. ಆ ಕೆಲಸ ಮಾತ್ರ ಉಳಿಯಿತು.

ಎರಡು ಸಾವಿರ ಇಸವಿ ದಾಟಿದ ಮೇಲೆ, ಅವರ ಒತ್ತಾಯಕ್ಕೇ ಧಾರವಾಡದಲ್ಲಿ ಒಬ್ಬ ಮನೋವೈದ್ಯರನ್ನು ಕಾಣಲು ಹೋದೆ. ಹೇಳಿದ ಹೊತ್ತಿಗೆ ಸರಿಯಾಗಿಯೇ ಹೋಗಿದ್ದೆ, ಆದರೆ ಒಂದು ದಿನ ತಡವಾಗಿ. ವೈದ್ಯರು ಒಂದು ತಾಸು ಪ್ರಶ್ನೆ ಕೇಳಿದರು. ಇದಕ್ಕೆ ಎಡಿಎಚ್‌ಡಿ ಎನ್ನುತ್ತಾರೆ, ಹುಟ್ಟಿನಿಂದ ಬಂದದ್ದು, ಮೈಗಳ್ಳತನವಲ್ಲ, ಗಮನವನ್ನು ಬೇಕಾದಲ್ಲಿ ನಿಲ್ಲಿಸಲು ಆಗದಿರುವುದು ಎಂದು ತಿಳಿಸಿ ಹೇಳಿದರು. ಮರಳಿ ಬರುವಾಗ ಬಸ್ಸಿನಲ್ಲಿ ನವಲೂರಿನ ತನಕ ಅತ್ತೆ. ಅಲ್ಲಿ ಕಿಟಕಿಗೆ ಪೇರಲಹಣ್ಣು ಬಂದವು; ನಾಲ್ಕು ತೆಗೆದುಕೊಂಡು, ಊರು ಮುಟ್ಟುವುದರೊಳಗೆ ನಾಲ್ಕನ್ನೂ ತಿಂದೆ.

ಮುಂದಿನ ತಿಂಗಳೇ ಹಳೇ ಹುಬ್ಬಳ್ಳಿಯಿಂದ ಒಬ್ಬ ಹೆಂಗಸು ಮಂಡಳಕ್ಕೆ ಬಂದಳು. ನನಗಿಂತ ಸ್ವಲ್ಪ ದೊಡ್ಡವಳು. ಒಂದು ಸಾಲೆಯಲ್ಲಿ ಗಂಟೆ ಬಾರಿಸುವ, ಕೋಣೆ ಗುಡಿಸುವ ಕೆಲಸಕ್ಕಿದ್ದಳು. ಕಪಾಟಿನ ಕೆಟ್ಟ ಕೀಲಿ ಬಿಚ್ಚುತ್ತ ಕೂತು ಗಂಟೆ ಬಾರಿಸಲು ಮರೆತಿದ್ದಳು. ಗಣಿತದ ಒಂದೇ ತಾಸು ಊಟದ ಹೊತ್ತಿನವರೆಗೆ ನಡೆದಿತ್ತು. ಇದು ಮೂರನೆಯ ಸಲವಾದ್ದರಿಂದ ಕೆಲಸ ಹೋಗಿತ್ತು.

ನನಗೆ ತವರಿನವರು ಸಿಕ್ಕಷ್ಟು ಖುಷಿ. ಈಕೆ ನನ್ನ ಹಾಗೆಯೇ, ಕೂತರೆ ಕೆಡುತ್ತಾಳೆ, ಅಡ್ಡಾಡುವ ಕೆಲಸವೇ ಬೇಕು ಎಂದು ನಾನೇ ತೀರ್ಮಾನಿಸಿದೆ. ಅಮರಗೋಳದ ಮಾರುಕಟ್ಟೆಯಲ್ಲಿ ಒಬ್ಬ ವ್ಯಾಪಾರಿಗೆ, ಲಿಲಾವಿನಲ್ಲಿ ಕೂಗಿ ಮಾರಾಟವಾದ ರಾಶಿಗಳ ಚೀಟಿಯನ್ನು ತೂಕ ಮಾಡುವವರಿಗೆ ಮುಟ್ಟಿಸಲು ಆಳು ಬೇಕಿತ್ತು. ಆಕೆಯನ್ನು ಅಲ್ಲಿಗೆ ಕಳಿಸಿದೆ.

ಮೂರನೆಯ ದಿನ ವ್ಯಾಪಾರಿ ಫೋನು ಮಾಡಿ, ಬಂದು ನೋಡಲು ಹೇಳಿದ. ಹೋದಾಗ ಉಳ್ಳಾಗಡ್ಡಿ ರಾಶಿಗಳು ಹಾಗೇ ಬಿದ್ದಿದ್ದವು, ಹಮಾಲರು ಬೀಡಿ ಸೇದುತ್ತ ಕೂತಿದ್ದರು. ಚೀಟಿಗಳೆಲ್ಲ ಆಕೆಯ ಸೊಂಟದಲ್ಲಿದ್ದವು. ಆಕೆ ಮಾತ್ರ ಬಿಚ್ಚಿಟ್ಟ ತೂಕದ ಯಂತ್ರದ ಮುಂದೆ ಮಂಡಿಯೂರಿದ್ದಳು. ಪಕ್ಕದಲ್ಲಿ ಅದನ್ನು ರಿಪೇರಿ ಮಾಡಲು ಬಂದಿದ್ದ ಮುದುಕ ಮೇಸ್ತ್ರಿ ಕನ್ನಡಕ ಒರೆಸುತ್ತ ನಿಂತಿದ್ದ. ಮುಂಜಾನೆಯಿಂದ ಅವನಿಗೆ ಸಿಗದ ದೋಷ ಆಕೆಗೆ ಸಿಕ್ಕಿತ್ತು: ಕೀಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಸಣ್ಣ ಹರಳು.

ನಾನು ವ್ಯಾಪಾರಿಯ ಕ್ಷಮೆ ಕೇಳುತ್ತಿದ್ದಾಗ ಮೇಸ್ತ್ರಿ ನಡುವೆ ಬಾಯಿ ಹಾಕಿದ.

"ಚೀಟಿ ಒಯ್ಯಾಕ ಬ್ಯಾರೆ ಯಾರರ ಸಿಗತಾರ್ರಿ. ಈ ತಂಗೀನ್ನ ನನ್ನ ಅಂಗಡಿಗೆ ಕಳಸ್ರಿ. ನನ್ನ ಕಣ್ಣು ಮೊದಲಿನಂಗ ಇಲ್ಲ."

ಆಕೆಯನ್ನು ಚಹಾಕ್ಕೆ ಕರೆದೊಯ್ದು, ಮೊದಲ ದಿನವೇ ಕೇಳಬೇಕಾಗಿದ್ದನ್ನು ಆಗ ಕೇಳಿದೆ: "ಅಕ್ಕಾರ, ಯಾವ ಕೆಲಸ ಮಾಡೂವಾಗ ನಿಮಗ ಹಸಿವಿ ಗೊತ್ತಾಗಂಗಿಲ್ಲ?"

"ಏನರ ಕೆಟ್ಟದ್ದು ಬಿಚ್ಚಿಕೊಂಡು ಕುಂತ್ರ ಊಟದ ನೆನಪ ಇರಂಗಿಲ್ರಿ" ಅಂದಳು. ಆಮೇಲೆ ಸ್ವಲ್ಪ ಅಂಜುತ್ತ, "ಅಡ್ಡಾಡೂದಂದ್ರ ನನಗ ತಲಿ ತಿರಗತದ. ನೀವು ಅಷ್ಟ ಖುಷೀಲೆ ಕಳಸಿದ್ರಿ, ಹೆಂಗ ಹೇಳಲಿ ಅಂತ ಸುಮ್ಮನಿದ್ದೆ" ಅಂದಳು.

ನನ್ನ ಕಾಲಿನ ಅಳತೆ ಕೊಟ್ಟು ಆಕೆಗೆ ಚಪ್ಪಲಿ ಹೊಲಿಸಿದಂತಾಗಿತ್ತು. ನಾಚಿಕೆಯಾಯಿತು. ಆ ವಾರವೆಲ್ಲ ಚೀಟಿ ಮುಟ್ಟಿಸುವ ಕೆಲಸವನ್ನು ನಾನೇ ಮಾಡಿ, ಮುಂದಿನ ವಾರ ವ್ಯಾಪಾರಿಗೆ ಬೇರೆಯವಳನ್ನು ಹುಡುಕಿ ಕೊಟ್ಟೆ.

ಮೇಸ್ತ್ರಿಯ ಅಂಗಡಿಯಲ್ಲೂ ಎಲ್ಲ ಒಮ್ಮೆಲೇ ಸರಿಹೋಗಲಿಲ್ಲ. ಆಕೆ ತಡವಾಗಿ ಬರುತ್ತಾಳೆ, ಒಂದು ಮುಗಿಸದೆ ಇನ್ನೊಂದಕ್ಕೆ ಕೈ ಹಾಕುತ್ತಾಳೆ ಎಂದು ಅವನು ಹೇಳಿ ಕಳಿಸಿದ. ಬೈದರೆ ಇದು ಹೋಗುವಂಥದ್ದಲ್ಲ, ನನ್ನನ್ನು ಏಳು ಕಡೆ ಬೈದು ನೋಡಿದ್ದಾರೆ ಅಂದೆ. ಒಂದು ಸಲಕ್ಕೆ ಒಂದೇ ಯಂತ್ರ ಮುಂದಿಡಲು, ದಿನದ ಕೆಲಸವನ್ನು ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆಯಲು, ಮುಗಿದದ್ದನ್ನು ಆಕೆಯ ಕೈಯಿಂದಲೇ ಅಳಿಸಲು ಹೇಳಿದೆ. ಎರಡು ತಿಂಗಳಲ್ಲಿ ಮೇಸ್ತ್ರಿ ತನ್ನ ಹೆಸರಿನ ಕೆಲಸಗಳನ್ನೂ ಅದೇ ಗೋಡೆಗೆ ಬರೆಯತೊಡಗಿದ. ಮಧ್ಯಾಹ್ನ ಆಕೆಯನ್ನು ಊಟಕ್ಕೆ ಎಬ್ಬಿಸುವುದು ಅವನ ಹೆಂಡತಿಯ ಕೆಲಸವಾಯಿತು.

ಅಂದಿನಿಂದ ಮಂಡಳಕ್ಕೆ ಬಂದವರನ್ನು ನಾನು ಓದು ಎಷ್ಟು ಎಂದು ಮೊದಲು ಕೇಳುವುದನ್ನು ಬಿಟ್ಟೆ. ಯಾವಾಗ ನಿಮಗೆ ಹಸಿವು ಮರೆಯುತ್ತದೆ ಎಂದು ಕೇಳುತ್ತಿದ್ದೆ. ಕೆಲವರು ಕಸೂತಿ ಎಂದರು, ಕೆಲವರು ಲಗ್ನದ ಮನೆಯ ಓಡಾಟ ಎಂದರು. ಒಬ್ಬಾಕೆ ಬಹಳ ಹೊತ್ತು ಯೋಚಿಸಿ, ಮಲಗಿದಾಗ ಎಂದಳು. ಆಕೆಗೆ ಕೆಲಸ ಹುಡುಕಲು ಸ್ವಲ್ಪ ದಿನ ಹಿಡಿಯಿತು.